ತಟ್ಟೆಯ ಹಿಂಬದಿ: ಬಿ-ಸೈಡ್ ಹಾಡುಗಳಿಂದ ನಮ್ಮೂರ ಕ್ಯಾಸೆಟ್‌ಗಳಿಗೆ ಒಂದು ಪಾಠ

ಕಾಲೇಜ್ ಫೆಸ್ಟ್‌ನಲ್ಲಿ ಗಿಟಾರ್ ಹಿಡಿದು ಸ್ಟೇಜ್ ಹತ್ತಿದವರಲ್ಲಿ ಯಾರಾದರೂ ಒಬ್ಬರು ‘ವಂಡರ್‌ವಾಲ್’ ನುಡಿಸದೇ ಇರಲ್ಲ. ಇಂಗ್ಲೆಂಡಿನ ಒಯಾಸಿಸ್ ಬ್ಯಾಂಡ್ 1995ರಲ್ಲಿ ಬಿಟ್ಟ ಹಾಡು ಅದು. ನಾವು ಹುಟ್ಟೋದಕ್ಕೂ ಮುಂಚಿನದು, ಆದರೂ ಎಲ್ಲರಿಗೂ ಬಾಯಿಪಾಠ. ಆದರೆ ಅದೇ ಸಿಂಗಲ್‌ನಲ್ಲಿ, ಅದೇ ತಟ್ಟೆಯಲ್ಲಿ, ‘ದಿ ಮಾಸ್ಟರ್‌ಪ್ಲಾನ್’ ಅನ್ನೋ ಇನ್ನೊಂದು ಹಾಡೂ ಇತ್ತು. ಅದನ್ನು ಕೇಳಿದವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ? ಬ್ಯಾಂಡಿನ ಅಭಿಮಾನಿಗಳಲ್ಲಿ ಬಹಳ ಜನ ಅದನ್ನು ಅವರ ಒಳ್ಳೇ ಹಾಡುಗಳ ಸಾಲಿಗೆ ಸೇರಿಸ್ತಾರೆ. ಆದರೂ ಅದು ಹೊರಬಂದದ್ದು ಬಿ-ಸೈಡ್ ಆಗಿ, ಅಂದ್ರೆ ಹಿಂಬದಿಯ ಹಾಡಾಗಿ.

ಈ ಲೇಖನ ಅಂಥ ಹಿಂಬದಿಯ ಹಾಡುಗಳ ಬಗ್ಗೆ, ಅವನ್ನು ಒಟ್ಟುಮಾಡಿ ಹೊರತಂದ ಸಂಗ್ರಹಗಳ ಬಗ್ಗೆ. ಕೊನೆಗೆ ಇದು ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳ ಅಟ್ಟಕ್ಕೂ ಬಂದು ನಿಲ್ಲುತ್ತೆ. ಮಧ್ಯೆ ಸ್ವಲ್ಪ ಲೆಕ್ಕ, ಸ್ವಲ್ಪ ಎಲೆಕ್ಟ್ರಾನಿಕ್ಸ್ ಬರುತ್ತೆ. ಹೆದರಬೇಡಿ, ಇಂಟರ್ನಲ್ಸ್‌ಗೆ ಕೇಳಲ್ಲ.

1. ಬಿ-ಸೈಡ್ ಅಂದ್ರೆ ಏನು?

ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಮೊದಮೊದಲು ಒಂದೇ ಬದಿಯಲ್ಲಿ ಧ್ವನಿ ಇರುತ್ತಿತ್ತು, ಇನ್ನೊಂದು ಬದಿ ಬೋಳು. 1904ರಲ್ಲಿ ಒಡಿಯನ್ ಕಂಪನಿ ಎರಡೂ ಬದಿಯ ತಟ್ಟೆಗಳನ್ನು ಮಾರುಕಟ್ಟೆಗೆ ತಂದಿತು. ಆಗ ಒಂದು ಹೊಸ ಪ್ರಶ್ನೆ ಹುಟ್ಟಿತು. ಒಂದು ಬದಿಯಲ್ಲಿ ಜನ ಕೇಳಿ ಕೊಳ್ಳುವ ಹಾಡು ಇದೆ, ಸರಿ. ಇನ್ನೊಂದು ಬದಿಗೆ ಏನು ಹಾಕೋದು?

ಸಣ್ಣ ಲೆಕ್ಕ ನೋಡಿ. 10 ಇಂಚಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಸುಮಾರು 3 ನಿಮಿಷ ಹಿಡಿಸುತ್ತೆ. ನಿಮಿಷಕ್ಕೆ 78 ಸುತ್ತು ಅಂದ್ರೆ 3 ನಿಮಿಷಕ್ಕೆ 234 ಸುತ್ತು. 1949ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ 7 ಇಂಚಿನ 45 ಆರ್‌ಪಿಎಂ ತಟ್ಟೆ ತಂದಿತು. ಅದರಲ್ಲಿ 3 ನಿಮಿಷದ ಹಾಡಿಗೆ 135 ಸುತ್ತು ಸಾಕು. ತಟ್ಟೆ ಚಿಕ್ಕದಾಯ್ತು, ಹಗುರವಾಯ್ತು, ಕಾಲೇಜು ಹುಡುಗರ ಜೇಬಿಗೆ ಎಟುಕುವಂತಾಯ್ತು. ಇದನ್ನೇ ‘ಸಿಂಗಲ್’ ಅಂತ ಕರೆದರು. ರೇಡಿಯೋದಲ್ಲಿ ಹಾಕಿ ಅಂತ ಕಂಪನಿ ತಳ್ಳುವ ಹಾಡು ಎ-ಸೈಡ್. ತಟ್ಟೆ ತಿರುಗಿಸಿದರೆ ಸಿಗೋದು ಬಿ-ಸೈಡ್.

ಮಜಾ ಏನಂದ್ರೆ, ಜನ ಎ-ಸೈಡ್‌ಗಾಗಿ ತಟ್ಟೆ ಕೊಂಡರೂ ಬಿ-ಸೈಡ್ ಬರೆದವರಿಗೂ ರಾಯಲ್ಟಿ ಸಿಗುತ್ತಿತ್ತು. ತಟ್ಟೆ ಮಾರಿದ ಮೇಲೆ ಎರಡೂ ಬದಿ ಮಾರಿದ ಹಾಗೇ ತಾನೆ! ಅದಕ್ಕೇ ಬ್ಯಾಂಡಿನೊಳಗೆ ಯಾರ ಹಾಡು ಯಾವ ಬದಿಗೆ ಅನ್ನೋದರ ಮೇಲೆ ಜಗಳ ಕೂಡ ಆಗುತ್ತಿತ್ತು.

ಕ್ಯಾಸೆಟ್ ಹೋಗಿ ಸಿಡಿ ಬಂತು. ಸಿಡಿಗೆ ಹಿಂಬದಿಯೇ ಇಲ್ಲ. ಆದರೂ ಸಿಂಗಲ್ ಸಿಡಿಯ ಎರಡನೇ, ಮೂರನೇ ಹಾಡನ್ನು ಬಿ-ಸೈಡ್ ಅಂತಲೇ ಕರೆದರು. ಡಯಲ್ ಇಲ್ಲದ ಫೋನ್‌ನಲ್ಲೂ ನಾವು ನಂಬರ್ ‘ಡಯಲ್’ ಮಾಡ್ತೀವಲ್ಲ, ಹಂಗೆ.

2. ಮುಂಬದಿ ಯಾವುದು, ತೀರ್ಮಾನ ಮಾಡೋರು ಯಾರು?

ಬೀಟಲ್ಸ್ ವಿಷಯಕ್ಕೆ ಬರೋಣ. ಇಂಪಾದ ಟ್ಯೂನು, ಗಿಟಾರು, ಕೂಡಿ ಹಾಡುವ ದನಿಗಳು. ಆಮೇಲೆ ಬಂದ ಇಂಥ ಬ್ಯಾಂಡುಗಳಿಗೆಲ್ಲ ಇವರೇ ಮೇಷ್ಟ್ರು. ಇವರ ಕೆಲವು ಸಿಂಗಲ್‌ಗಳ ಹಿಂಬದಿ ನೋಡಿ:

‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’ (1963): ಹಿಂಬದಿಯಲ್ಲಿ ‘ದಿಸ್ ಬಾಯ್’.
‘ಪೇಪರ್‌ಬ್ಯಾಕ್ ರೈಟರ್’ (1966): ಹಿಂಬದಿಯಲ್ಲಿ ‘ರೇನ್’.
‘ಹಲೋ ಗುಡ್‌ಬೈ’ (1967): ಹಿಂಬದಿಯಲ್ಲಿ ‘ಐ ಆಮ್ ದಿ ವಾಲ್ರಸ್’.
‘ಹೇ ಜೂಡ್’ (1968): ಹಿಂಬದಿಯಲ್ಲಿ ‘ರೆವಲ್ಯೂಷನ್’.
‘ಗೆಟ್ ಬ್ಯಾಕ್’ (1969): ಹಿಂಬದಿಯಲ್ಲಿ ‘ಡೋಂಟ್ ಲೆಟ್ ಮಿ ಡೌನ್’.

‘ರೆವಲ್ಯೂಷನ್’ ಬರೆದ ಜಾನ್ ಲೆನನ್‌ಗೆ ಅದೇ ಎ-ಸೈಡ್ ಆಗಬೇಕು ಅಂತ ಆಸೆ ಇತ್ತು. ಪಾಲ್ ಮೆಕಾರ್ಟ್ನಿ ಬರೆದ ‘ಹೇ ಜೂಡ್’ ಮುಂದೆ ಅದು ಹಿಂದೆ ಸರಿಯಬೇಕಾಯ್ತು. 1965ರ ‘ವಿ ಕ್ಯಾನ್ ವರ್ಕ್ ಇಟ್ ಔಟ್’ ಮತ್ತು ‘ಡೇ ಟ್ರಿಪ್ಪರ್’ ತಟ್ಟೆಯಲ್ಲಂತೂ ತೀರ್ಮಾನವೇ ಆಗದೆ ಎರಡನ್ನೂ ಎ-ಸೈಡ್ ಅಂತಲೇ ಘೋಷಿಸಿದರು.

ಇಲ್ಲಿ ಕಲಿಯೋದು ಇಷ್ಟು: ಬಿ-ಸೈಡ್ ಅಂದ್ರೆ ಕಳಪೆ ಅಂತಲ್ಲ. ಆ ವಾರ, ಆ ಕೋಣೆಯಲ್ಲಿ ಕೂತಿದ್ದ ನಾಲ್ಕಾರು ಜನ ಅದನ್ನು ಮುಂದೆ ಇಡಲಿಲ್ಲ, ಅಷ್ಟೇ. ಹಾಗಂತ ಹಿಂಬದಿಯಲ್ಲಿರೋದೆಲ್ಲ ಮುತ್ತು ರತ್ನ ಅಂತಲೂ ಅಲ್ಲ. ‘ಲೆಟ್ ಇಟ್ ಬಿ’ (1970) ತಟ್ಟೆಯ ಹಿಂದೆ ಇರೋ ‘ಯು ನೋ ಮೈ ನೇಮ್’ ಬರೀ ತಮಾಷೆ ಹಾಡು. ಆದರೆ ಹಿಂಬದಿಯಲ್ಲಿ ಸೋಲುವ ಭಯ ಕಡಿಮೆ, ಅದಕ್ಕೆ ಹೊಸ ಪ್ರಯೋಗಗಳು ಅಲ್ಲೇ ಹೆಚ್ಚು. ‘ರೇನ್’ ಹಾಡಿನಲ್ಲಿ ವಾದ್ಯಗಳನ್ನು ವೇಗವಾಗಿ ನುಡಿಸಿ ರೆಕಾರ್ಡ್ ಮಾಡಿ, ಆಮೇಲೆ ಟೇಪನ್ನು ನಿಧಾನ ಓಡಿಸಿದ್ದಾರೆ. ಟೇಪ್ ನಿಧಾನ ಆದರೆ ಫ್ರೀಕ್ವೆನ್ಸಿ ಇಳಿಯುತ್ತೆ, ಡ್ರಮ್ಮಿನ ಸದ್ದು ಭಾರ ಆಗುತ್ತೆ. ಕೊನೆಯಲ್ಲಿ ಲೆನನ್ ದನಿಯನ್ನು ಹಿಂದುಮುಂದಾಗಿ ಓಡಿಸಿದ್ದಾರೆ. ಇಯರ್‌ಫೋನ್ ಹಾಕಿ ಕೇಳಿ, ಗೊತ್ತಾಗುತ್ತೆ.

3. ಮೂವತ್ತಮೂರು ಹಾಡಿನ ಬುತ್ತಿ

ಬ್ರಿಟನ್ನಿನಲ್ಲಿ ಆಗ ಒಂದು ರೂಢಿ ಇತ್ತು. ಸಿಂಗಲ್‌ನಲ್ಲಿ ಬಂದ ಹಾಡನ್ನು ಎಷ್ಟೋ ಸಲ ಆಲ್ಬಮ್‌ಗೆ ಸೇರಿಸುತ್ತಿರಲಿಲ್ಲ, ಒಂದೇ ಹಾಡಿಗೆ ಜನ ಎರಡು ಸಲ ದುಡ್ಡು ಕೊಡಬಾರದು ಅಂತ. ಇದರಿಂದ ಮುಂದೆ ಒಂದು ತೊಂದರೆ ಆಯ್ತು. 1987ರಲ್ಲಿ ಬೀಟಲ್ಸ್ ಆಲ್ಬಮ್‌ಗಳನ್ನು ಸಿಡಿಗೆ ಹಾಕಿದಾಗ ‘ಹೇ ಜೂಡ್’ ಥರದ ದೊಡ್ಡ ಹಾಡುಗಳೂ ಯಾವ ಸಿಡಿಗೂ ಸೇರದೆ ಹೊರಗೆ ಉಳಿದವು.

ಆ ಉಳಿದವನ್ನೆಲ್ಲ ಸೇರಿಸಿ 1988ರ ಮಾರ್ಚ್‌ನಲ್ಲಿ ‘ಪಾಸ್ಟ್ ಮಾಸ್ಟರ್ಸ್’ ಅನ್ನೋ ಎರಡು ಸಂಪುಟ ತಂದರು. ಮೊದಲನೆಯದರಲ್ಲಿ 18, ಎರಡನೆಯದರಲ್ಲಿ 15, ಒಟ್ಟು 33 ಹಾಡು. ಎ-ಸೈಡ್, ಬಿ-ಸೈಡ್ ಎರಡೂ ಇವೆ. 1964ರಲ್ಲಿ ಜರ್ಮನ್ ಭಾಷೆಯಲ್ಲಿ ಹಾಡಿದ ಎರಡು ಹಾಡೂ ಇವೆ. ವನ್ಯಜೀವಿ ಸಂಸ್ಥೆಯೊಂದಕ್ಕೆ ಹಣ ಕೂಡಿಸಲು ಕೊಟ್ಟಿದ್ದ ‘ಅಕ್ರಾಸ್ ದಿ ಯೂನಿವರ್ಸ್’ ಹಾಡಿನ ಬೇರೆ ರೂಪವೂ ಇದೆ. ಇದನ್ನು ಜೋಡಿಸಿದವರು ಮಾರ್ಕ್ ಲೂಯಿಸನ್, ಬೀಟಲ್ಸ್ ರೆಕಾರ್ಡಿಂಗ್‌ಗಳನ್ನು ದಿನಾಂಕದ ಸಮೇತ ಪಟ್ಟಿ ಮಾಡಿದ ಇತಿಹಾಸಕಾರ.

ಒಯಾಸಿಸ್‌ನವರು ಇದೇ ದಾರಿ ಹಿಡಿದರು. 1998ರಲ್ಲಿ ತಮ್ಮ ಬಿ-ಸೈಡ್‌ಗಳಿಂದ 14 ಆರಿಸಿ, ‘ದಿ ಮಾಸ್ಟರ್‌ಪ್ಲಾನ್’ ಹೆಸರಲ್ಲೇ ಆಲ್ಬಮ್ ಬಿಟ್ಟರು. ಅಮೆರಿಕದ ಆರ್‌ಇಎಂ ಬ್ಯಾಂಡ್ 1987ರಲ್ಲೇ ‘ಡೆಡ್ ಲೆಟರ್ ಆಫೀಸ್’ ಅಂತ ಇಂಥದ್ದೇ ಒಂದು ತಂದಿತ್ತು. ವಿಳಾಸ ಸಿಗದ ಕಾಗದಗಳು ಹೋಗಿ ಬೀಳುವ ಅಂಚೆ ಕಚೇರಿಗೆ ಆ ಹೆಸರು. ಎಂಥಾ ಸರಿಯಾದ ಹೆಸರು ಅಲ್ವಾ?

ಆದರೆ ಈ ಎರಡು ಥರದ ಸಂಗ್ರಹಗಳಲ್ಲಿ ವ್ಯತ್ಯಾಸ ಇದೆ. ಒಯಾಸಿಸ್‌ನವರದು ಆಯ್ಕೆ: ಚೆನ್ನಾಗಿರೋದನ್ನು ಮಾತ್ರ ಇಟ್ಟರು. ‘ಪಾಸ್ಟ್ ಮಾಸ್ಟರ್ಸ್’ ಒಂದು ದಾಸ್ತಾನು: ಆಲ್ಬಮ್‌ಗಳಿಂದ ಹೊರಗುಳಿದದ್ದೆಲ್ಲ, ಚೆನ್ನಾಗಿರಲಿ ಬಿಡಲಿ, ಒಳಗೆ. ಕೇಳೋಕೆ ಮೊದಲನೆಯದು ಸುಖ. ಉಳಿಸೋಕೆ ಮಾತ್ರ ಎರಡನೆಯದೇ ದಾರಿ. ಯಾಕಂದ್ರೆ ಇವತ್ತು ಬೇಡ ಅನ್ನಿಸಿದ್ದು ಮೂವತ್ತು ವರ್ಷ ಆದಮೇಲೆ ಯಾರಿಗೆ ಬೇಕಾಗುತ್ತೋ ನಮಗೆ ತಿಳಿಯಲ್ಲ.

4. ಬಾಂಬೆಯಲ್ಲಿ ಹುಟ್ಟಿದ ಒಂದು ಬಿ-ಸೈಡ್

ಈ 33 ಹಾಡುಗಳಲ್ಲಿ ಒಂದು ನಮ್ಮ ದೇಶದ್ದೇ ಅನ್ನಬಹುದು. 1968ರ ಜನವರಿಯಲ್ಲಿ ಜಾರ್ಜ್ ಹ್ಯಾರಿಸನ್ ಬಾಂಬೆಗೆ ಬಂದಿದ್ದರು. ‘ವಂಡರ್‌ವಾಲ್’ ಅನ್ನೋ ಸಿನಿಮಾಗೆ ಸಂಗೀತ ಮಾಡೋ ಕೆಲಸ, ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮ ವಾದ್ಯಗಾರರ ಜೊತೆ. ಅದೇ ದಿನಗಳಲ್ಲಿ ಅಲ್ಲೇ ಇನ್ನೊಂದು ಟ್ಯೂನಿನ ವಾದ್ಯಭಾಗವನ್ನೂ ರೆಕಾರ್ಡ್ ಮಾಡಿಕೊಂಡರು: ಕೊಳಲು, ಸರೋದ್, ಶಹನಾಯಿ, ಹಾರ್ಮೋನಿಯಂ, ಪಖವಾಜ್. ಲಂಡನ್ನಿಗೆ ಹೋಗಿ ಅದರ ಮೇಲೆ ದನಿ ಸೇರಿಸಿದರು. ಸಾಹಿತ್ಯ ಚೀನಾದ ಹಳೇ ಗ್ರಂಥ ತಾವೊ ತೆ ಚಿಂಗ್ ಆಧಾರಿತ. ಹಾಡಿನ ಹೆಸರು ‘ದಿ ಇನ್ನರ್ ಲೈಟ್’. 1968ರ ಮಾರ್ಚ್‌ನಲ್ಲಿ ‘ಲೇಡಿ ಮಡೋನಾ’ ತಟ್ಟೆಯ ಹಿಂಬದಿಯಲ್ಲಿ ಬಂತು. ಬೀಟಲ್ಸ್ ಸಿಂಗಲ್ ಮೇಲೆ ಬಂದ ಹ್ಯಾರಿಸನ್‌ರ ಮೊದಲ ರಚನೆ ಇದು.

ಈಗ ಕೊಂಡಿ ನೋಡಿ. ಆ ಸಿನಿಮಾ ಸಂಗೀತದ ಆಲ್ಬಮ್ ಹೆಸರು ‘ವಂಡರ್‌ವಾಲ್ ಮ್ಯೂಸಿಕ್’. ಒಯಾಸಿಸ್‌ನ ನೋಯಲ್ ಗ್ಯಾಲಗರ್ ತಮ್ಮ ಹಾಡಿಗೆ ಹೆಸರು ತಗೊಂಡದ್ದು ಅಲ್ಲಿಂದಲೇ. ಅಂದ್ರೆ ನಮ್ಮ ಫೆಸ್ಟ್‌ಗಳಲ್ಲಿ ಕೇಳುವ ‘ವಂಡರ್‌ವಾಲ್’ ಹೆಸರಿನ ಬೇರು ಬಾಂಬೆಯಲ್ಲಿ ರೆಕಾರ್ಡ್ ಆದ ಸಂಗೀತದಲ್ಲಿದೆ. ಅದೇ ರೆಕಾರ್ಡಿಂಗ್‌ನ ದಿನಗಳಲ್ಲಿ ಹುಟ್ಟಿದ ಇನ್ನೊಂದು ಹಾಡು ಬೀಟಲ್ಸ್‌ಗೆ ಬಿ-ಸೈಡ್ ಆಯ್ತು. ಎಲ್ಲೆಲ್ಲಿಂದ ಎಲ್ಲಿಗೆ!

5. ಟೇಪೇ ಇಲ್ಲದಿದ್ದರೆ?

ಇಷ್ಟು ದೊಡ್ಡ ಬ್ಯಾಂಡು, ಇಷ್ಟು ದೊಡ್ಡ ಕಂಪನಿ, ಎಲ್ಲ ಟೇಪುಗಳೂ ಬೀರುವಿನಲ್ಲಿ ಭದ್ರವಾಗಿರುತ್ತೆ ಅಂದುಕೊಳ್ತೀವಿ. ಇರಲಿಲ್ಲ. ‘ಪಾಸ್ಟ್ ಮಾಸ್ಟರ್ಸ್’ನ ಮೊದಲ ಹಾಡು ‘ಲವ್ ಮಿ ಡೂ’. ಇವರ ಮೊದಲ ಸಿಂಗಲ್, 1962ರದು. ಅದರಲ್ಲಿ ಎರಡು ರೂಪ ಇವೆ: ರಿಂಗೋ ಸ್ಟಾರ್ ಡ್ರಮ್ ಬಾರಿಸಿದ್ದು ಒಂದು, ಆಂಡಿ ವೈಟ್ ಅನ್ನೋ ಬಾಡಿಗೆ ಡ್ರಮ್ಮರ್ ಬಾರಿಸಿದ್ದು ಇನ್ನೊಂದು. ಆಲ್ಬಮ್‌ಗೆ ಹೋದದ್ದು ಎರಡನೆಯದು. ರಿಂಗೋ ಬಾರಿಸಿದ ರೂಪದ ಮಾಸ್ಟರ್ ಟೇಪು ಉಳಿದಿರಲೇ ಇಲ್ಲ. ಕೊನೆಗೆ ಆಗಿನ ಕಾಲದಲ್ಲಿ ಅಂಗಡಿಯಲ್ಲಿ ಮಾರಿದ್ದ ಒಂದು 45 ತಟ್ಟೆಯನ್ನೇ ಓಡಿಸಿ, ಅದರಿಂದ ಪ್ರತಿ ಮಾಡಿ ಸಿಡಿಗೆ ಹಾಕಬೇಕಾಯ್ತು. ‘ಶಿ ಲವ್ಸ್ ಯು’ (1963) ಹಾಡಿನ ಮೂಲ ಟೇಪೂ ಇಲ್ಲ, ಅದಕ್ಕೇ ಆ ಸಂಗ್ರಹದಲ್ಲಿ ಅದು ಮೋನೋದಲ್ಲೇ ಇದೆ.

ಇದನ್ನು ಎರಡು ಸಲ ಓದಿ. ಜಗತ್ತಿನಲ್ಲೇ ಅತಿ ಹೆಸರುವಾಸಿ ಬ್ಯಾಂಡಿನ ಮೊದಲ ತಟ್ಟೆ ಉಳಿದದ್ದು ಕಂಪನಿ ಕಾಪಾಡಿದ ಟೇಪಿನಿಂದಲ್ಲ. ಸಾಮಾನ್ಯರು ಕೊಂಡು ಇಟ್ಟುಕೊಂಡಿದ್ದ ಥರದ ಒಂದು ತಟ್ಟೆಯಿಂದ. ಅವರ ಗತಿಯೇ ಹೀಗಾದರೆ ನಮ್ಮೂರ ಹಾಡುಗಳ ಗತಿ ಏನು?

6. ನಮ್ಮ ಕಡೆಯ ಲೆಕ್ಕ

ಕನ್ನಡದಲ್ಲಿ ಭಾವಗೀತೆಗಳ ಮೊದಲ ಕ್ಯಾಸೆಟ್ ಅಂತ ಹೆಸರಾದದ್ದು ‘ನಿತ್ಯೋತ್ಸವ’, 1978ರಲ್ಲಿ ಬಂತು. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಅದರ ಶೀರ್ಷಿಕೆ ಗೀತೆ ಗೊತ್ತಿಲ್ಲದ ಕನ್ನಡ ವಿದ್ಯಾರ್ಥಿ ಇಲ್ಲ; ನವೆಂಬರ್ ಬಂದರೆ ಎಲ್ಲ ಕಾಲೇಜಿನಲ್ಲೂ ಅದೇ. ಅದೇ ಕ್ಯಾಸೆಟ್ಟಿನ ಇನ್ನೊಂದು ಹಾಡಿನ ಹೆಸರು ಹೇಳಿ ಅಂತ ನಮ್ಮ ಕ್ಲಾಸಲ್ಲಿ ಕೇಳಿದೆ. ಒಬ್ಬರೂ ಹೇಳಲಿಲ್ಲ. ನಾನೂ ಹುಡುಕಿ ನೋಡಿಯೇ ತಿಳಿಯಬೇಕು. ಹಾಡುಗಳು ಕೆಟ್ಟವು ಅಂತಲ್ಲ. ನಾವು ತಟ್ಟೆ ತಿರುಗಿಸಲಿಲ್ಲ, ಅಷ್ಟೇ.

ಉಳಿದದ್ದನ್ನು ಒಟ್ಟು ಮಾಡಿದ ಒಳ್ಳೇ ಉದಾಹರಣೆ ಬೇಕಾದರೆ ನಮ್ಮ ಜಿಲ್ಲೆಯಲ್ಲೇ ಇದೆ, ಹಾಡಿನಲ್ಲಲ್ಲ, ಪುಸ್ತಕದಲ್ಲಿ. ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ 1943ರದು, 945 ಪದ್ಯ. ನಮ್ಮ ಮನೆಗಳಲ್ಲಿ ಅದರ ಒಂದು ಪ್ರತಿಯಾದರೂ ಇರುತ್ತೆ. ಆದರೆ ಡಿವಿಜಿ ಅದೇ ಧಾಟಿಯಲ್ಲಿ ಇನ್ನೂ ಪದ್ಯಗಳನ್ನು ಬರೆದಿಟ್ಟಿದ್ದರು. 1975ರಲ್ಲಿ ಅವರು ತೀರಿಕೊಂಡ ಮೇಲೆ ಅವು ‘ಮರುಳ ಮುನಿಯನ ಕಗ್ಗ’ ಅಂತ ಪುಸ್ತಕವಾಗಿ ಬಂದವು. ನಮ್ಮ ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಅದು ಡಿವಿಜಿಯವರ ಬಿ-ಸೈಡ್ ಸಂಗ್ರಹ. ಯಾರೋ ಆ ಹಾಳೆಗಳನ್ನು ಜೋಪಾನ ಮಾಡಿದರು, ಯಾರೋ ಕೂತು ಜೋಡಿಸಿದರು, ಅದಕ್ಕೆ ಇವತ್ತು ನಮಗೆ ಸಿಕ್ಕಿದೆ.

ಹಾಡಿನ ವಿಷಯದಲ್ಲಿ ಇಂಥ ಕೆಲಸ ನಮ್ಮ ಹಳ್ಳಿಗಳಲ್ಲಿ ತುರ್ತಾಗಿ ಆಗಬೇಕು. ಕಾರಣ ಹೇಳ್ತೀನಿ.

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಚಿಕ್ಕ ಕಿಂಡಿ ಇರುತ್ತೆ. ಅಲ್ಲಿನ ಪ್ಲಾಸ್ಟಿಕ್ ಚೂರು ಮುರಿದಿದ್ದರೆ ಅದರ ಮೇಲೆ ರೆಕಾರ್ಡ್ ಮಾಡೋಕೆ ಆಗಲ್ಲ. ಆದರೆ ಕಿಂಡಿಗೆ ಕಾಗದ ತುರುಕಿದರೆ, ಇಲ್ಲಾ ಸೆಲ್ಲೋಟೇಪ್ ಅಂಟಿಸಿದರೆ, ರೆಕಾರ್ಡ್ ಬಟನ್ ಒತ್ತಬಹುದು. ನಮ್ಮ ಹಿರಿಯರಿಗೆ ಈ ಉಪಾಯ ಚೆನ್ನಾಗಿ ಗೊತ್ತಿತ್ತು. ಖಾಲಿ ಕ್ಯಾಸೆಟ್ಟಿಗೆ ದುಡ್ಡು ಯಾಕೆ, ಕೇಳಿ ಕೇಳಿ ಬೇಜಾರಾದ ಸಿನಿಮಾ ಕ್ಯಾಸೆಟ್ಟಿನ ಹಿಂಬದಿ ಇದೆಯಲ್ಲ!

ನಮ್ಮ ಮನೆಯಲ್ಲಿ, ಶ್ರೀನಿವಾಸಪುರ ತಾಲೂಕಿನ ಹಳ್ಳಿಯಲ್ಲಿ, ಅಂಥದ್ದೊಂದು ಇದೆ. ಹೊರಗಿನ ಕವರ್ ಒಂದು ರಾಜ್‌ಕುಮಾರ್ ಸಿನಿಮಾದ್ದು. ಎ-ಸೈಡ್‌ನಲ್ಲಿ ಆ ಸಿನಿಮಾದ ಹಾಡುಗಳೇ ಇವೆ. ಬಿ-ಸೈಡ್ ಹಾಕಿದರೆ ಭಜನೆ ಮನೆಯಲ್ಲಿ ರಾತ್ರಿ ಹಾಡಿದ ಕೈವಾರ ತಾತಯ್ಯನವರ ತತ್ವಪದಗಳು. ಹಾರ್ಮೋನಿಯಂ, ತಾಳ, ಮಧ್ಯೆ ಯಾರದೋ ಕೆಮ್ಮು, ಹೊರಗೆ ನಾಯಿ ಬೊಗಳೋದು. ಒಂದು ಪದ ತೆಲುಗು, ಒಂದು ಪದ ಕನ್ನಡ. ನಮ್ಮ ಗಡಿ ಕಡೆ ಅದೇನು ವಿಶೇಷ ಅಲ್ಲ, ತಾತಯ್ಯನವರೇ ಎರಡೂ ಭಾಷೆಯಲ್ಲಿ ಪದ ಕಟ್ಟಿದವರು. ಕೈವಾರ ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. 2007ರಲ್ಲಿ ಜಿಲ್ಲೆ ಒಡೆಯುವ ತನಕ ಅದೂ ಕೋಲಾರವೇ.

ಅಜ್ಜಿಗೆ ಕೇಳಿಸಿದೆ. ಏಳು ದನಿಗಳಲ್ಲಿ ನಾಲ್ಕನ್ನು ಗುರುತು ಹಿಡಿದರು, ಒಂದು ನಮ್ಮ ತಾತನದು. ಉಳಿದ ಮೂವರು ಯಾರು ಅಂದರೆ, “ಅದ್ಯಾರೋ ಮುಳಬಾಗಿಲು ಕಡೆಯೋರು ಕಣಪ್ಪ. ನಿಮ್ಮ ತಾತ ಇದ್ದಿದ್ರೆ ಹೇಳ್ತಿದ್ರು” ಅಂದರು. ತಾತ ಈಗಿಲ್ಲ. ಆ ಮೂರು ಹೆಸರು ಹೇಳಬಲ್ಲವರು ಇನ್ನೂ ಯಾರಾದರೂ ಇರಬಹುದು, ಆದರೆ ಎಲ್ಲರಿಗೂ ಎಪ್ಪತ್ತು ಎಂಬತ್ತು ದಾಟಿದೆ.

ಈಗ ಯೋಚನೆ ಮಾಡಿ. ಮನೆ ಸುಣ್ಣ ಬಣ್ಣ ಮಾಡುವಾಗ ಯಾರಾದರೂ ಆ ಕ್ಯಾಸೆಟ್ ನೋಡಿದರೆ ಏನಂತಾರೆ? “ಈ ಸಿನಿಮಾ ಹಾಡು ಯೂಟ್ಯೂಬಲ್ಲಿ ಇದೆ, ಬಿಸಾಕು” ಅಂತಾರೆ. ಕವರ್ ನೋಡಿದರೆ ಮಾತು ಸರಿಯೇ. ಎ-ಸೈಡ್ ಎಲ್ಲ ಕಡೆ ಸಿಗುತ್ತೆ. ಬಿ-ಸೈಡ್ ಜಗತ್ತಿನಲ್ಲಿ ಅದೊಂದೇ. ಅದಕ್ಕೆ ಬೇರೆ ಮಾಸ್ಟರ್ ಟೇಪಿಲ್ಲ, ಕಂಪನಿ ಇಲ್ಲ, ಪಟ್ಟಿ ಮಾಡೋ ಇತಿಹಾಸಕಾರರೂ ಇಲ್ಲ. ನಾವೇ.

7. ಕ್ಯಾಸೆಟ್ಟಿನ ಒಳಗೆ ಏನಿದೆ?

ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಡಬ್ಬಿಯೊಳಗಿನ ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ, 3.81 ಮಿ.ಮೀ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಪುಡಿಯ ಲೇಪ. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತೆ. 60 ನಿಮಿಷದ ಕ್ಯಾಸೆಟ್ ಅಂದ್ರೆ ಬದಿಗೆ 30 ನಿಮಿಷ: 30 × 60 × 4.76 = 8,568 ಸೆಂ.ಮೀ. ಸುಮಾರು 86 ಮೀಟರ್ ಟೇಪು.

ತಟ್ಟೆಗೆ ನಿಜವಾಗಿ ಎರಡು ಮುಖ ಇದೆ. ಕ್ಯಾಸೆಟ್ಟಿಗೆ ಇಲ್ಲ! ಎ ಮತ್ತು ಬಿ ಎರಡೂ ಟೇಪಿನ ಒಂದೇ ಮುಖದ ಮೇಲಿವೆ, ಅಗಲದ ಅರ್ಧ ಎ-ಸೈಡ್‌ಗೆ, ಇನ್ನರ್ಧ ಬಿ-ಸೈಡ್‌ಗೆ. ಎರಡೂ ಎದುರು ಬದುರು ದಿಕ್ಕಿನಲ್ಲಿ ಓಡುತ್ತವೆ, ನಮ್ಮ ಹೈವೇ ಎರಡು ದಾರಿಗಳ ಹಾಗೆ. ಹಾಗಾಗಿ ಟೇಪು ಒಂದು ಕಡೆ ತುಂಡಾದರೆ ಎರಡೂ ಬದಿ ತುಂಡು. ಫಂಗಸ್ ಬಂದರೂ ಎರಡಕ್ಕೂ ಒಟ್ಟಿಗೆ. ಒಂದು ಬದಿಯನ್ನು ಬಿಟ್ಟು ಇನ್ನೊಂದನ್ನು ಕಾಪಾಡೋಕೆ ಬರಲ್ಲ.

8. ಕಂಪ್ಯೂಟರಿಗೆ ಇಳಿಸೋದು ಹೇಗೆ?

ದೊಡ್ಡ ಸ್ಟುಡಿಯೋ ಬೇಡ. ಹಂತ ಹಂತವಾಗಿ ಹೇಳ್ತೀನಿ.

ಮೊದಲು, ಎರಡೂ ಕಿಂಡಿ ನೋಡಿ. ಕಾಗದ ತುರುಕಿದ್ದರೆ ತೆಗೆಯಿರಿ, ಪ್ಲಾಸ್ಟಿಕ್ ಚೂರು ಇದ್ದರೆ ಮುರಿಯಿರಿ. ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಸಿಹೋಗಬಾರದು.

ಎರಡನೇದು, ಓಡುವ ಟೇಪ್ ರೆಕಾರ್ಡರ್ ಹುಡುಕಿ. ಅದರ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ಮೊದಲು ಮುಖ್ಯವಲ್ಲದ ಒಂದು ಕ್ಯಾಸೆಟ್ ಹಾಕಿ ಪರೀಕ್ಷೆ ಮಾಡಿ. ಟೇಪು ನುಂಗೋ ಮಷೀನಿಗೆ ತಾತನ ದನಿ ಕೊಡಬೇಡಿ.

ಮೂರನೇದು, ಬಹಳ ಕಾಲ ಓಡಿಸದ ಟೇಪನ್ನು ಒಂದು ಸಲ ಕೊನೆವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ. ಬಿಗಿ ಅನ್ನಿಸಿದರೆ ಪೆನ್ಸಿಲ್ ಹಾಕಿ ಕೈಯಿಂದಲೇ ತಿರುಗಿಸಿ.

ನಾಲ್ಕನೇದು, ರೆಕಾರ್ಡರಿನ ಹೆಡ್‌ಫೋನ್ ಔಟ್‌ನಿಂದ ಕೇಬಲ್ ಎಳೆದು ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಅಡಾಪ್ಟರಿಗೆ ಕೊಡಿ. ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ನೇರ ಕೊಟ್ಟರೆ ಸಿಗ್ನಲ್ ಜಾಸ್ತಿಯಾಗಿ ದನಿ ಒಡೆಯಬಹುದು. ರೂಮಿನಲ್ಲಿ ಟೇಪು ಹಾಕಿ ಮೊಬೈಲ್ ಮುಂದಿಟ್ಟು ರೆಕಾರ್ಡ್ ಮಾಡೋದು ಬೇಡ. ಫ್ಯಾನಿನ ಸದ್ದೂ ಅದಕ್ಕೆ ಸೇರುತ್ತೆ.

ಐದನೇದು, ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್ ಸಾಕು. ಸ್ಯಾಂಪ್ಲಿಂಗ್ 44,100 ಹರ್ಟ್ಜ್, 16 ಬಿಟ್, ವೇವ್ ಫೈಲ್. 44,100 ಯಾಕೆ? ನೈಕ್ವಿಸ್ಟ್ ನೆನಪಿಸಿಕೊಳ್ಳಿ: ಅತಿ ಹೆಚ್ಚಿನ ಫ್ರೀಕ್ವೆನ್ಸಿಯ ಎರಡರಷ್ಟಕ್ಕಿಂತ ಹೆಚ್ಚು ಸ್ಯಾಂಪಲ್ ಬೇಕು. ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಜ್ ತನಕ ಕೇಳುತ್ತೆ, ಹಾಗಾಗಿ ಇದು ಸಾಕು. ಮೀಟರ್ ಮೈನಸ್ 6 ಡೆಸಿಬಲ್ ಆಸುಪಾಸಿನಲ್ಲಿ ಇರಲಿ, ಸೊನ್ನೆ ಮುಟ್ಟಬಾರದು.

ಆರನೇದು, ಗುಂಯ್ ಅನ್ನೋ ಸದ್ದು ತೆಗೆಯೋ ಆಸೆ ಬರುತ್ತೆ. ತೆಗೆಯಿರಿ, ಆದರೆ ಪ್ರತಿಯಲ್ಲಿ ಮಾತ್ರ. ಮೂಲ ಫೈಲ್ ಹಂಗೇ ಇರಲಿ. ಕೆಮ್ಮು, ನಾಯಿ, ಎಲ್ಲ ಇರಲಿ.

ಜಾಗ ಎಷ್ಟು ಬೇಕು? 44,100 × 16 × 2 ಚಾನಲ್ = ಸೆಕೆಂಡಿಗೆ 14,11,200 ಬಿಟ್. ಒಂದು ಗಂಟೆಗೆ ಸುಮಾರು 635 ಎಂಬಿ. ಮನೆಯಲ್ಲಿ 40 ಕ್ಯಾಸೆಟ್ ಇದ್ದರೂ 25 ಜಿಬಿ ಚಿಲ್ಲರೆ, 32 ಜಿಬಿ ಪೆನ್‌ಡ್ರೈವ್ ಸಾಕು. ಆದರೆ ಸಮಯಕ್ಕೆ ಶಾರ್ಟ್‌ಕಟ್ ಇಲ್ಲ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಕೂರಲೇಬೇಕು. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ.

9. ಹೆಸರು ಹೇಳಿ ನಿಲ್ಲಿಸಿ

ಇದು ಎಲ್ಲಕ್ಕಿಂತ ಮುಖ್ಯ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡು ರೆಕಾರ್ಡ್ ಆಯ್ತು. ಈ ಮಹಾ ಗಾಯಕಿ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಹಳೇ ತಟ್ಟೆಗಳ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳ್ತಾರೆ. ತಟ್ಟೆ ಒತ್ತುವ ಕಾರ್ಖಾನೆ ಆಗ ಜರ್ಮನಿಯ ಹ್ಯಾನೋವರ್‌ನಲ್ಲಿ ಇತ್ತು. ಯಾರ ಹಾಡು ಅಂತ ಅಲ್ಲಿನ ಕೆಲಸಗಾರರಿಗೆ ತಿಳಿದು ಸರಿಯಾದ ಲೇಬಲ್ ಅಂಟಿಸಲಿ ಅಂತ ಈ ಉಪಾಯ. ನಾವು ಇವತ್ತು ಮೆಟಾಡೇಟಾ ಅಂತೀವಲ್ಲ, ಅದೇ ಇದು. ಹಾಡಿನ ಒಳಗೇ ಇರೋದರಿಂದ ಲೇಬಲ್ ಕಿತ್ತುಹೋದರೂ ಹೆಸರು ಹೋಗಲಿಲ್ಲ.

ನಾವೂ ಹಾಗೇ ಮಾಡಬಹುದು. ಕ್ಯಾಸೆಟ್ ಇಳಿಸಿದ ಮೇಲೆ ಮನೆಯ ಹಿರಿಯರನ್ನು ಕೂರಿಸಿ, ಕೇಳಿಸಿ, ಅವರು ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ: ಯಾವ ಊರು, ಯಾವ ಹಬ್ಬ, ಯಾರು ಹಾಡಿದ್ದು, ತಾಳ ಹಾಕಿದ್ದು ಯಾರು. ಅದನ್ನೂ ಅದೇ ಫೋಲ್ಡರಿನಲ್ಲಿ ಇಡಿ. ಫೈಲಿಗೆ ‘ಆಡಿಯೋ 1’ ಅಂತ ಹೆಸರಿಡಬೇಡಿ. ಊರು, ಅಂದಾಜು ವರ್ಷ, ಬದಿ, ಇಷ್ಟಾದರೂ ಬರೆಯಿರಿ. ಟೇಪು ಇನ್ನೂ ಹತ್ತು ವರ್ಷ ತಡೆದರೂ ತಡೆಯಬಹುದು. ಹೆಸರು ಹೇಳುವವರು ತಡೆಯಬೇಕಲ್ಲ.

ಕಾನೂನಿನ ಒಂದು ಮಾತು. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಕಾಪಿರೈಟ್ ಅದು ಪ್ರಕಟವಾದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಇರುತ್ತೆ. 1978ರಲ್ಲಿ ಬಂದ ಕ್ಯಾಸೆಟ್‌ಗೆ 2038ರ ಕೊನೆ ತನಕ. ಹಾಡು ಬರೆದವರ ಹಕ್ಕು ಇದಕ್ಕೆ ಬೇರೆ. ಹಾಗಾಗಿ ಕಂಪನಿ ಕ್ಯಾಸೆಟ್‌ಗಳನ್ನು ಇಂಟರ್ನೆಟ್ಟಿಗೆ ಏರಿಸಬೇಡಿ. ಊರಿನವರ ರೆಕಾರ್ಡಿಂಗನ್ನೂ ಹಾಡಿದವರ ಮನೆಯವರನ್ನು ಕೇಳದೆ ಹಾಕಬೇಡಿ. ಮೊದಲು ಉಳಿಸೋಣ, ಹಂಚೋದು ಆಮೇಲೆ.

10. ರಜೆಯ ಹೋಂವರ್ಕ್

ಈ ಸೆಮಿಸ್ಟರ್ ಎಕ್ಸಾಮ್ ಮುಗಿದ ಮೇಲೆ ಊರಿಗೆ ಹೋದಾಗ ಅಟ್ಟದ ಮೇಲಿನ ಡಬ್ಬ ಇಳಿಸಿ. ಮಾಲೂರಿನವರು, ಮುಳಬಾಗಿಲಿನವರು, ಕೋಲಾರದವರು, ಶ್ರೀನಿವಾಸಪುರದವರು, ನಮ್ಮ ಕ್ಲಬ್ಬಿನಲ್ಲೇ ನಾಲ್ಕೂ ತಾಲೂಕಿನವರು ಇದ್ದೀವಿ. ಕವರ್ ನೋಡಿ ತೀರ್ಮಾನ ಮಾಡಬೇಡಿ. ಕಿಂಡಿಯಲ್ಲಿ ಕಾಗದ ತುರುಕಿದೆಯಾ, ಸೆಲ್ಲೋಟೇಪ್ ಅಂಟಿಸಿದೆಯಾ ನೋಡಿ. ಇದ್ದರೆ ಅದರ ಮೇಲೆ ನಿಮ್ಮ ಮನೆಯವರು ಯಾರೋ ಏನನ್ನೋ ರೆಕಾರ್ಡ್ ಮಾಡಿದ್ದಾರೆ ಅಂತ ಅರ್ಥ. ಮದುವೆಯ ಸೋಬಾನೆ ಇರಬಹುದು, ಹರಿಕಥೆ ಇರಬಹುದು, ಸುಮ್ಮನೆ ಮಕ್ಕಳ ಗಲಾಟೆಯೂ ಇರಬಹುದು. ಆ ಕ್ಯಾಸೆಟ್ಟುಗಳನ್ನು ಬೇರೆ ಎತ್ತಿಟ್ಟು, ಕ್ಲಬ್ಬಿಗೆ ತನ್ನಿ. ಯುಎಸ್‌ಬಿ ಅಡಾಪ್ಟರ್ ನನ್ನ ಹತ್ತಿರ ಇದೆ, ಶನಿವಾರ ಲ್ಯಾಬ್ ಮುಗಿದ ಮೇಲೆ ಕೂರೋಣ.

ಹಂಗೇ, ಮುಳಬಾಗಿಲು ಕಡೆಯ ಭಜನೆ ತಂಡಗಳ ಹಳಬರು ಯಾರಾದರೂ ನಿಮ್ಮ ಮನೆಯಲ್ಲಿ ಇದ್ದರೆ ನನಗೆ ತಿಳಿಸಿ. ಮೂರು ದನಿ ಕೇಳಿಸಬೇಕು.